ಪ್ರೋಗ್ರಾಮರ್ ಹಚ್ಚಿದಾಗ ಬೋರ್ಡಿಗೆ ಕರೆಂಟ್ ಕೊಡೋರು ಯಾರು?

ವಿಜಯಪುರ_ಭೋಸರಿ (ಪುಣೆ), ಬುಧವಾರ ರಾತ್ರಿ 11:20

ಎಲ್ಲಾರಿಗೂ ನಮಸ್ಕಾರ. ಭೋಸರಿ ಎಂಐಡಿಸಿ ಕೈಗಾರಿಕಾ ವಸಾಹತಿನ್ಯಾಗ ಸಣ್ಣ ಯೂನಿಟ್ ನಮ್ದು, ನಾಕು ಮಂದಿ ಅದೀವಿ. ಬೋರ್‌ವೆಲ್ಲಿನ್ಯಾಗ ನೀರು ಮುಗದ್ರ ಮೋಟಾರ್ ತಾನ ಬಂದ್ ಆಗೋ ಕಂಟ್ರೋಲರ್ ಬೋರ್ಡ್ ಮಾಡ್ತೀವಿ. ಅಟ್‌ಮೆಗಾ 328 (ಬೋರ್ಡಿನ ಮಿದುಳಾಗಿರೋ ಐಸಿ), 16 ಮೆಗಾಹರ್ಟ್ಜ್ ಕ್ರಿಸ್ಟಲ್, 16 ಬೈ 2 ಎಲ್‌ಸಿಡಿ, ಒಂದು 5 ವೋಲ್ಟಿನ ರಿಲೇ. 12 ವೋಲ್ಟ್ ಅಡಾಪ್ಟರ್ ಹಚ್ತೀವಿ, 7805 ರೆಗ್ಯುಲೇಟರ್ ಅದನ್ನ 5ಕ್ಕ ಇಳಸ್ತದ. 7805ರ ಇನ್‌ಪುಟ್ ಕಡೆ 470 ಮೈಕ್ರೋಫ್ಯಾರಡ್, ಔಟ್‌ಪುಟ್ ಕಡೆ 1000 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಅದಾವ.

ಐಸಿಯೊಳಗ ಕೋಡ್ ಹಾಕ್ಲಿಕ್ಕೆ ಯುಎಸ್‌ಬಿ ಎಎಸ್‌ಪಿ ಅನ್ನೋ ಪ್ರೋಗ್ರಾಮರ್ ಅದ, ಲ್ಯಾಪ್‌ಟಾಪಿಗೆ ಚುಚ್ಚೋ ಸಣ್ಣ ಸಾಧನ. ಪುಣೆದ ಬುಧವಾರ ಪೇಟಿನ್ಯಾಗ ಪಾಸೋಡ್ಯಾ ವಿಠೋಬಾ ಗುಡಿ ಹತ್ರ ಅಂಗಡಿಯಿಂದ ತಂದಿದ್ದು. ಅದರ ಮ್ಯಾಲ ಜೆಪಿ1 ಅಂತ ಜಂಪರ್ ಅದ, 5 ಕಡೆ ಹಾಕೀನಿ.

ತ್ರಾಸು ಮೂರು ಥರ ಅದ, ಒಂದಕ್ಕೊಂದು ಸಂಬಂಧ ಐತೋ ಇಲ್ಲೋ ಗೊತ್ತಿಲ್ಲ.

ಅಡಾಪ್ಟರ್ ಹಚ್ಚದ ಬರೇ ಪ್ರೋಗ್ರಾಮರ್ ಚುಚ್ಚಿದ್ರ ಲ್ಯಾಪ್‌ಟಾಪ್ ಒಮ್ಮೊಮ್ಮೆ "ಯುಎಸ್‌ಬಿ ಪವರ್ ಸರ್ಜ್" ಅಂತ ಒದರ್ತದ. ಒದರದೇ ಇದ್ರ ಐಸಿ ಓದ್ತದ, ಬರೀತದ, ಆದ್ರ ವೆರಿಫೈ ಮಾಡೋವಾಗ (ಬರೆದದ್ದು ಸರಿ ಅದನೋ ಅಂತ ಮತ್ತ ಓದಿ ನೋಡೋವಾಗ) ಎಲ್ಲೋ ಒಂದು ಬೈಟ್ ತಪ್ಪು. ಬರೆಯುವಾಗ ರಿಲೇ ಟಿರ್ರ್ ಅಂತ ಸಪ್ಪಳ ಮಾಡ್ತದ.

ಅಡಾಪ್ಟರ್, ಪ್ರೋಗ್ರಾಮರ್ ಎರಡೂ ಹಚ್ಚಿದ್ರ ಕೋಡ್ ಚೊಲೋ ಹೋಗ್ತದ. ಆದ್ರ 7805 ಮುಟ್ಟಲಾರದಷ್ಟು ಬಿಸಿ. ಮೂರು ತಿಂಗಳಾಗ ಎರಡು ಪ್ರೋಗ್ರಾಮರ್ ಸತ್ತಾವ.

ಮೂರನೇದು ವಿಚಿತ್ರ. ಜಂಪರ್ ತಗದೀನಿ, ಅಡಾಪ್ಟರ್ ಕಿತ್ತೀನಿ, ಆದ್ರೂ ಎಲ್‌ಸಿಡಿ ಮ್ಯಾಲ ಮಂದ ಮಂದ ಕಪ್ಪು ಚೌಕ ಕಾಣ್ತಾವ. ಅಡಾಪ್ಟರ್ ಮತ್ತ ಹಚ್ಚಿದ್ರ ಐಸಿ ಎದ್ದೇ ಏಳೂದಿಲ್ಲ, ಹ್ಯಾಂಗ್ ಆಗಿ ಕುಂದರ್ತದ.

ಒಟ್ಟು ನನ್ನ ಪ್ರಶ್ನೆ ಇಷ್ಟ: ಕೋಡ್ ಹಾಕೋವಾಗ ಬೋರ್ಡಿಗೆ ಕರೆಂಟ್ ಯಾರು ಕೊಡಬೇಕು, ಪ್ರೋಗ್ರಾಮರೋ ಅಡಾಪ್ಟರೋ? ಮುಂದಿನ ವಾರ 40 ಬೋರ್ಡ್ ಕೊಡೋದದ.

ಉಡುಪಿ_ಡೊಂಬಿವಲಿ (ಮುಂಬಯಿ), ಬುಧವಾರ ರಾತ್ರಿ 11:58

ನಿಮ್ಮ ಬೋರ್ಡಿಗಾದರೆ ಅಡಾಪ್ಟರೇ ಕೊಡಬೇಕು, ಜೆಪಿ1 ಜಂಪರ್ ತೆಗೆದಿಡಿ. ಈಗ ಯಾಕೆ ಅಂತ ಹೇಳ್ತೇನೆ, ಸ್ವಲ್ಪ ಉದ್ದ ಉಂಟು.

ಪ್ರೋಗ್ರಾಮರಿನ ಹೆಡರಲ್ಲಿ, ಅಂದರೆ ವೈರ್ ಚುಚ್ಚುವ ಪಿನ್ ಸಾಲಲ್ಲಿ, ವಿಸಿಸಿ ಅಂತ ಒಂದು ಪಿನ್ ಇರ್ತದೆ, ಬೋರ್ಡಿನ ಸಪ್ಲೈ ಲೈನಿಗೆ ಸೇರುವುದು. ಎಲ್ಲ ಗೊಂದಲ ಹುಟ್ಟುವುದು ಅಲ್ಲಿಯೇ. ಕೆಲವು ಪ್ರೋಗ್ರಾಮರಲ್ಲಿ ಆ ಪಿನ್ ಬೋರ್ಡಿಗೆ ವೋಲ್ಟೇಜ್ ಕೊಡ್ತದೆ. ಇನ್ನು ಕೆಲವಲ್ಲಿ ಅದು ಬೋರ್ಡಿನ ವೋಲ್ಟೇಜ್ ಎಷ್ಟುಂಟು ಅಂತ ನೋಡ್ತದೆ ಅಷ್ಟೆ, ಕೊಡುವುದಿಲ್ಲ. ಹಳೆಯ ಎವಿಆರ್ ಐಎಸ್‌ಪಿ ಮಾರ್ಕ್ 2 ಪ್ರೋಗ್ರಾಮರ್ ಬರೀ ನೋಡುವ ಜಾತಿ, ಬೋರ್ಡಿಗೆ ಬೇರೆ ಸಪ್ಲೈ ಇಲ್ಲದಿದ್ದರೆ ಅದು ಕೆಲಸವನ್ನೇ ಶುರು ಮಾಡುವುದಿಲ್ಲ. ನಿಮ್ಮದು ಜಂಪರ್ ಹಾಕಿದರೆ ಕೊಡುವ ಜಾತಿ. ಜಂಪರ್ ಹಾಕಿ ಅಡಾಪ್ಟರನ್ನೂ ಚುಚ್ಚಿದರೆ ಒಂದೇ ತಂತಿಗೆ ಎರಡು ಕಡೆಯಿಂದ 5 ವೋಲ್ಟ್ ಬಂದ ಹಾಗಾಯ್ತು.

ಎರಡೂ 5 ಅಲ್ವಾ, ಏನಾಗ್ತದೆ ಅಂತ ಕೇಳ್ಬಹುದು. ಎರಡೂ ಸರಿಯಾಗಿ 5 ಇರುವುದೇ ಇಲ್ಲ. 7805 ಅಂದರೆ 4.8ರಿಂದ 5.2ರ ಒಳಗೆ ಎಷ್ಟೂ ಇರಬಹುದು. ಯುಎಸ್‌ಬಿ ಪೋರ್ಟಿನದ್ದು 4.75ರಿಂದ 5.25. ನಿಮ್ಮ 7805 5.1 ಕೊಡ್ತದೆ, ಲ್ಯಾಪ್‌ಟಾಪ್ 4.8 ಕೊಡ್ತದೆ ಅಂತಿಟ್ಟುಕೊಳ್ಳಿ. ವ್ಯತ್ಯಾಸ 0.3 ವೋಲ್ಟ್. ನಡುವೆ ಇರುವ ಕೇಬಲು, ಕನೆಕ್ಟರು ಎಲ್ಲ ಸೇರಿ ಅರ್ಧ ಓಮ್ ಅಂದರೂ 0.6 ಆಂಪ್ ಬೋರ್ಡಿನಿಂದ ಲ್ಯಾಪ್‌ಟಾಪಿನ ಕಡೆಗೆ ಹರಿಯಲಿಕ್ಕೆ ನೋಡ್ತದೆ. 7805 ಬಿಸಿಯಾಗುವುದು ಅದಕ್ಕೆ. 12ರಿಂದ 5ಕ್ಕೆ ಇಳಿಸುವಾಗ ಪ್ರತಿ 100 ಮಿಲಿಆಂಪಿಗೆ 0.7 ವ್ಯಾಟ್ ಅದರ ಮೈಮೇಲೆ ಬೀಳ್ತದಲ್ಲ.

ಇನ್ನು ಬರೀ ಪ್ರೋಗ್ರಾಮರ್ ಇದ್ದಾಗಿನ ಸರ್ಜ್. ಯುಎಸ್‌ಬಿ 2.0 ನಿಯಮದ ಪ್ರಕಾರ ಚುಚ್ಚಿದ ಕೂಡಲೆ ಪೋರ್ಟಿಗೆ ಕಾಣುವ ಕೆಪ್ಯಾಸಿಟರ್ 10 ಮೈಕ್ರೋಫ್ಯಾರಡ್ ದಾಟಬಾರದು. ನಿಮ್ಮಲ್ಲಿ 1000 ಉಂಟು, ನೂರು ಪಟ್ಟು. ಖಾಲಿ ಕೆಪ್ಯಾಸಿಟರ್ ಒಂದು ಕ್ಷಣ ಶಾರ್ಟ್ ಇದ್ದ ಹಾಗೆ. ಅದು ಸಾಲದು ಅಂತ 7805ರ ಔಟ್‌ಪುಟ್ಟಿಗೆ 5 ವೋಲ್ಟ್ ಬಂದು ಇನ್‌ಪುಟ್ ಖಾಲಿ ಇದ್ದರೆ ಕರೆಂಟ್ ಅದರ ಒಳಗಿಂದ ಉಲ್ಟಾ ಹೋಗಿ 470ನ್ನೂ ತುಂಬ್ತದೆ. ನಂಬಿಕೆ ಬರದಿದ್ದರೆ ಹೀಗೆ ಮಾಡಿ: ಅಡಾಪ್ಟರ್ ಕಿತ್ತು, ಜಂಪರ್ ಹಾಕಿ, ಪ್ರೋಗ್ರಾಮರ್ ಚುಚ್ಚಿ, 12 ವೋಲ್ಟಿನ ಜಾಕಿನಲ್ಲಿ ಮೀಟರ್ ಇಟ್ಟು ನೋಡಿ. ಸೊನ್ನೆ ಬರಬೇಕಿತ್ತು. ಎಷ್ಟು ಬಂತು ಅಂತ ಇಲ್ಲಿ ಬರೆಯಿರಿ.

ಮತ್ತೆರಡು ಪ್ರಶ್ನೆ. ರಿಲೇ ಯಾವ ಪಿನ್ನಿಗೆ ಕೊಟ್ಟಿದ್ದೀರಿ? ಬೋರ್ಡಿಗೆ ಪ್ರೋಗ್ರಾಮರ್ ಬಿಟ್ಟು ಬೇರೆ ಯಾವ ವೈರ್ ಹೋಗ್ತದೆ? ಆ ಕಪ್ಪು ಚೌಕ ಸುಮ್ಮನೆ ಕಾಣುವುದಿಲ್ಲ ಮಾರಾಯ್ರೆ, ಎಲ್ಲಿಂದಲೋ ಕರೆಂಟ್ ಒಳಗೆ ಬರ್ತಾ ಉಂಟು.

ವಿಜಯಪುರ_ಭೋಸರಿ, ಗುರುವಾರ ಬೆಳಿಗ್ಗೆ 9:05

ಅಕ್ಕಾರ, ಇವತ್ತು ಗುರುವಾರ, ನಮ್ಮ ಕಡೆ ಎಂಐಡಿಸಿ ಸೂಟಿ. ಬೋರ್ಡ್ ಮನಿಗೇ ತಂದಿದ್ದೆ, ಮುಂಜಾನೆದ್ದು ಅಳೆದೆ.

12 ವೋಲ್ಟ್ ಜಾಕಿನ್ಯಾಗ 4.2 ವೋಲ್ಟ್ ಬಂತು! ಅಡಾಪ್ಟರ್ ಹಚ್ಚೇ ಇಲ್ಲ, ಆದ್ರೂ 4.2.

ರಿಲೇ ಪಿಬಿ3ಕ್ಕ ಅದ, 1ಕೆ ರೆಸಿಸ್ಟರ್, ಬಿಸಿ547 ಟ್ರಾನ್ಸಿಸ್ಟರ್. ಬೇರೆ ವೈರ್ ಅಂದ್ರ ಸೀರಿಯಲ್ ಕೇಬಲ್ ಒಂದದ, ಯುಎಸ್‌ಬಿ ಟು ಟಿಟಿಎಲ್. ಮೋಟಾರ್ ಕರೆಂಟಿನ ಲೆಕ್ಕ ಲ್ಯಾಪ್‌ಟಾಪ್ ಮ್ಯಾಲ ನೋಡ್ಲಿಕ್ಕೆ ಅದನ್ನ ಯಾವಾಗ್ಲೂ ಹಚ್ಚೇ ಇಟ್ಟಿರ್ತೀನಿ. ಆರ್‌ಎಕ್ಸ್ (ಡೇಟಾ ತಗೊಳ್ಳೋದು), ಟಿಎಕ್ಸ್ (ಡೇಟಾ ಕಳಸೋದು), ಗ್ರೌಂಡ್ ಮೂರೇ ವೈರ್. ವಿಸಿಸಿ ಕೊಟ್ಟಿಲ್ಲ.

ಉಡುಪಿ_ಡೊಂಬಿವಲಿ, ಗುರುವಾರ ಬೆಳಿಗ್ಗೆ 9:40

ಸಿಕ್ಕಿತು. ನಿಮ್ಮ ಮೂರನೇ ವಿಚಿತ್ರ ಆ ಸೀರಿಯಲ್ ಕೇಬಲಿಂದ ಬರ್ತಾ ಉಂಟು.

ಸೀರಿಯಲ್ ಲೈನ್ ಸುಮ್ಮನಿರುವಾಗ ಕೇಬಲಿನ ಟಿಎಕ್ಸ್ ಯಾವಾಗಲೂ ಮೇಲೆಯೇ, ಅಂದರೆ 5 ವೋಲ್ಟಲ್ಲೇ ಇರ್ತದೆ. ಅದು ಹೋಗಿ ಸೇರುವುದು ನಿಮ್ಮ ಐಸಿಯ ಆರ್‌ಎಕ್ಸ್ ಪಿನ್ನಿಗೆ. ಪ್ರತಿ ಪಿನ್ನಿನ ಒಳಗೂ ವಿಸಿಸಿ ಕಡೆಗೆ ಒಂದು, ಗ್ರೌಂಡ್ ಕಡೆಗೆ ಒಂದು ಅಂತ ರಕ್ಷಣೆಯ ಡಯೋಡ್ ಇರ್ತದೆ. ವಿಸಿಸಿ ಸೊನ್ನೆ ಇದ್ದು ಪಿನ್ನಿನಲ್ಲಿ 5 ಇದ್ದರೆ ಮೇಲಿನ ಡಯೋಡ್ ತೆರೆದು ಕರೆಂಟ್ ವಿಸಿಸಿ ಲೈನಿಗೆ ನುಗ್ಗುತ್ತದೆ. ಮುಂಬಾಗಿಲು ಹಾಕಿ ಕಿಟಕಿ ತೆರೆದಿಟ್ಟ ಹಾಗೆ. ಡೇಟಾಶೀಟಿನಲ್ಲಿ ಪಿನ್ನಿನ ವೋಲ್ಟೇಜ್ ವಿಸಿಸಿಗಿಂತ 0.5 ವೋಲ್ಟ್ ಮೇಲೆ ಹೋಗಬಾರದು ಅಂತ ಸ್ಪಷ್ಟ ಬರೆದಿದ್ದಾರೆ. ನೀವು ಅಡಾಪ್ಟರ್ ಕಿತ್ತಾಗಲೆಲ್ಲ ಆ ಗಡಿ ದಾಟ್ತಾ ಉಂಟು.

ಹ್ಯಾಂಗ್ ಆಗುವುದೂ ಇದರಿಂದಲೇ. ವಿಸಿಸಿ ಸೊನ್ನೆಯ ಹತ್ತಿರಕ್ಕೆ ಇಳಿದು ಮತ್ತೆ ಏರಿದರೆ ಮಾತ್ರ ಐಸಿ ತಾನಾಗಿ ಸರಿಯಾಗಿ ರೀಸೆಟ್ ಆಗ್ತದೆ. ನಿಮ್ಮಲ್ಲಿ ಅದು ನಡುವಲ್ಲೇ ನೇತಾಡ್ತಾ ಉಂಟು, ಐಸಿ ಸತ್ತೂ ಇಲ್ಲ ಬದುಕಿಯೂ ಇಲ್ಲ. ಬ್ರೌನ್‌ಔಟ್ ಫ್ಯೂಸ್ (ವೋಲ್ಟೇಜ್ ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಐಸಿಯನ್ನು ರೀಸೆಟ್ಟಲ್ಲಿಡುವ, ಐಸಿಯೊಳಗಿನ ಸೆಟ್ಟಿಂಗ್) ಹಾಕಿದ್ದೀರಾ? 328ರಲ್ಲಿ 1.8, 2.7, 4.3 ಅಂತ ಮೂರು ಹಂತ ಉಂಟು. ಮೋಟಾರ್ ಆಡಿಸುವ ಬೋರ್ಡಿಗೆ 4.3 ಹಾಕಿ. ವೋಲ್ಟೇಜ್ ಬಿದ್ದಾಗ ಐಸಿ ಬಾಯಿಗೆ ಬಂದದ್ದು ಮಾಡುವ ಬದಲು ರೀಸೆಟ್ಟಲ್ಲಿ ನಿಲ್ಲಲಿ.

ಕೇಬಲಿನ ಟಿಎಕ್ಸ್ ಲೈನಿಗೆ ಸಾಲಿನಲ್ಲಿ 4.7ಕೆ ಒಂದು ಹಾಕಿ. 9600 ವೇಗಕ್ಕೆ ಏನೂ ತೊಂದರೆಯಿಲ್ಲ, ಕಳ್ಳ ಕರೆಂಟ್ 1 ಮಿಲಿಆಂಪಿನ ಒಳಗೆ ನಿಲ್ತದೆ.

ರಿಲೇಯ ಟಿರ್ರ್ ಕೂಡ ಗೊತ್ತಾಯ್ತು. ಪಿಬಿ3 ಅಂದರೆ ಮೋಸಿ. ಪ್ರೋಗ್ರಾಮರ್ ಬಿಟ್ಟುಗಳನ್ನು ಒಳಗೆ ತಳ್ಳುವುದೇ ಆ ಪಿನ್ನಿಂದ. ಅದು ಕುಣಿದ ಹಾಗೆ ನಿಮ್ಮ ಟ್ರಾನ್ಸಿಸ್ಟರೂ ಕುಣೀತದೆ, ರಿಲೇಯೂ ಕುಣೀತದೆ. ಸಣ್ಣ ನೀಲಿ ಡಬ್ಬಿಯಂಥ ರಿಲೇ ಆದರೆ ಕಾಯಿಲ್ 70 ಓಮ್, ಅಂದರೆ 71 ಮಿಲಿಆಂಪ್ ಬಿಟ್ಟು ಬಿಟ್ಟು ಎಳೀತದೆ. ತೆಳು ಕೇಬಲಿನ ಕೊನೆಯಲ್ಲಿ 5 ವೋಲ್ಟ್ ಅಲ್ಲಾಡಿ ಹೋಗ್ತದೆ. ವೆರಿಫೈ ತಪ್ಪುವುದಕ್ಕೆ ನನ್ನ ಮೊದಲ ಸಂಶಯ ಅದೇ. ರಿಲೇಯನ್ನು ಬೇರೆ ಪಿನ್ನಿಗೆ ಹಾಕಿ, ಟ್ರಾನ್ಸಿಸ್ಟರಿನ ಬೇಸಿನಿಂದ ಗ್ರೌಂಡಿಗೆ 10ಕೆ ಕೊಡಿ. ಪ್ರೋಗ್ರಾಮ್ ಆಗುವಾಗ ಐಸಿಯ ಉಳಿದ ಪಿನ್ನುಗಳೆಲ್ಲ ಗಾಳಿಯಲ್ಲಿ ತೇಲ್ತಾ ಇರ್ತವೆ, ಆಗ ಆ 10ಕೆ ರಿಲೇಯನ್ನು ಹಿಡಿದಿಡ್ತದೆ.

ಕಾರವಾರ_ವೆರ್ಣಾ (ಗೋವಾ), ಗುರುವಾರ ಮಧ್ಯಾಹ್ನ 1:15

ಅಕ್ಕ ಹೇಳಿದ್ದು ಈ ಬೋರ್ಡಿನ ಮಟ್ಟಿಗೆ ಸರಿ. ಆದರೆ ಇದನ್ನೇ ಹಿಡಿದು ಯಾರಾದ್ರೂ ಎಲ್ಲ ಬೋರ್ಡಿಗೂ ಹೊರಗಿನ ಸಪ್ಲೈಯೇ ಬೇಕು ಅಂದ್ರೆ ನಾನು ಒಪ್ಪೋದಿಲ್ಲ. ನಾನು ವೆರ್ಣಾದಲ್ಲಿ ಪ್ರೊಡಕ್ಷನ್ ಲೈನಿನಲ್ಲಿದ್ದೇನೆ, ನಮ್ಮಲ್ಲಿ ಪಿಕ್ ಅನ್ನೋ ಇನ್ನೊಂದು ಜಾತಿಯ ಐಸಿ ಹೆಚ್ಚು. ಐಸಿ, ಎರಡು ಎಲ್‌ಇಡಿ, ಒಂದು ಸೆನ್ಸರ್ ಇರೋ ಪುಟ್ಟ ಬೋರ್ಡಿಗೆ ಪ್ರೋಗ್ರಾಮರಿಂದಲೇ ಕೊಡೋದು ಒಳ್ಳೇದು. ವೈರ್ ಕಡಿಮೆ, ತಪ್ಪೂ ಕಡಿಮೆ.

ಮಿತಿ ಗೊತ್ತಿರಬೇಕು ಅಷ್ಟೆ. ಪಿಕ್ ಐಸಿಯ ಪ್ರೋಗ್ರಾಮರ್ ಪಿಕ್‌ಕಿಟ್ 3 ಟಾರ್ಗೆಟ್ಟಿಗೆ (ಕೋಡ್ ಹೋಗೋ ಬೋರ್ಡಿಗೆ) ಕೊಡೋದು 30 ಮಿಲಿಆಂಪ್, ಪಿಕ್‌ಕಿಟ್ 4 ಆದರೆ 50. ಅಂದರೆ ಮೇಲೆ ಹೇಳಿದ ರಿಲೇ ಒಂದನ್ನೇ ಎತ್ತಲಿಕ್ಕೂ ಆಗೋದಿಲ್ಲ. ಅದರ ಸಾಫ್ಟ್‌ವೇರ್ ಎಂಪ್ಲ್ಯಾಬ್‌ನಲ್ಲಿ "ಪವರ್ ಟಾರ್ಗೆಟ್ ಸರ್ಕ್ಯೂಟ್" ಅನ್ನೋ ಟಿಕ್ ಹಾಕದಿದ್ದರೆ ಅದು ಕೊಡೋದೇ ಇಲ್ಲ, ಬೋರ್ಡಿನ ವೋಲ್ಟೇಜ್ ನೋಡ್ತದೆ ಮಾತ್ರ. ಹೊಸಬರು ಟಿಕ್ ಹಾಕೋದು ಮರೆತು "ಟಾರ್ಗೆಟ್ ಡಿವೈಸ್ ನಾಟ್ ಫೌಂಡ್" ಅಂತ ಬಂದ ಕೂಡಲೆ ಐಸಿ ಕೆಟ್ಟಿದೆ ಅಂತ ಕಿತ್ತು ಬಿಸಾಡಿದ್ದನ್ನು ಕಣ್ಣಾರೆ ನೋಡಿದ್ದೇನೆ. ಬೇಸರ ಆಗ್ತದೆ.

ಇನ್ನೊಂದು ಅನುಭವದ ಮಾತು. ಅಲ್ಲಿ 5.0 ಅಂತ ಕೇಳಿದರೆ ಎಷ್ಟೋ ಸಲ ತಕರಾರು ಬರ್ತದೆ, ಯಾಕಂದ್ರೆ ಯುಎಸ್‌ಬಿಯೇ 4.9 ಇದ್ದರೆ ಅದು 5.0 ಎಲ್ಲಿಂದ ತರಬೇಕು? 4.75ಕ್ಕೆ ಇಳಿಸಿ, ಹೋಗ್ತದೆ. ತೀರಾ ಕೆಳಗೆ ಇಳಿಸಬೇಡಿ. 16ಎಫ್877ಎ ಥರದ ಹಳೆ ಐಸಿಯನ್ನು ಪೂರ್ತಿ ಅಳಿಸಲಿಕ್ಕೆ 4.5 ವೋಲ್ಟಾದರೂ ಬೇಕು. ಅದಕ್ಕಿಂತ ಕೆಳಗೆ ಓದೋದು ಸರಿಯಾಗೇ ಇರ್ತದೆ, ಅಳಿಸೋದು ಮಾತ್ರ ಕೈಕೊಡ್ತದೆ. ಹಾಗಾಗಿ ಸಂಶಯವೇ ಬರೋದಿಲ್ಲ.

ಪಿಕ್‌ನವರು ಒಂದನೇ ಪಿನ್ ಬಗ್ಗೆ ಹುಷಾರಾಗಿರಿ. ಈ ಹಳೆ ಐಸಿಗಳಿಗೆ ಎಂಸಿಎಲ್‌ಆರ್‌ನಲ್ಲಿ, ಅಂದ್ರೆ ಆ ರೀಸೆಟ್ ಪಿನ್ನಿನಲ್ಲಿ, ಕೋಡ್ ಹಾಕೋವಾಗ 13 ವೋಲ್ಟಿನ ಹತ್ತಿರ ಬರ್ತದೆ. ಆ ಪಿನ್ನನ್ನು ನೇರವಾಗಿ ವಿಸಿಸಿಗೆ ಕಟ್ಟಿದ್ದರೆ ಆ 13 ನಿಮ್ಮ 5 ವೋಲ್ಟ್ ಲೈನಿಗೆ ಹೊಡೀತದೆ. ನಡುವೆ 10ಕೆ ಇರಲೇಬೇಕು.

ವಿಜಯಪುರದ ಅಣ್ಣಾವ್ರೇ, ನಿಮ್ಮ ಸತ್ತ ಪ್ರೋಗ್ರಾಮರ್ ಎರಡರ ಬಗ್ಗೆ ಕೇಳಬೇಕು. ವೈರ್ ಹ್ಯಾಗೆ ಚುಚ್ತೀರಿ? ಹತ್ತು ಪಿನ್ನಿನ ಪಟ್ಟಿ ಕೇಬಲೋ, ಒಂದೊಂದೇ ಜಂಪರ್ ವೈರೋ?

ವಿಜಯಪುರ_ಭೋಸರಿ, ಗುರುವಾರ ಮಧ್ಯಾಹ್ನ 1:50

ಒಂದೊಂದೇ ಜಂಪರ್ ವೈರ್ರಿ. ಬೋರ್ಡ್ ಮ್ಯಾಲ ಹತ್ತು ಪಿನ್ನಿಗೆ ಜಾಗ ಸಾಲಲಿಲ್ಲ, ಆರು ಪಿನ್ನೇ ಇಟ್ಟೀವಿ. ಅಡಾಪ್ಟರ್ ಚಾಲೂ ಇರೋವಾಗಲೇ ಚುಚ್ತೀನಿ. ಮೊದಲ ಮಿಸೋ, ವಿಸಿಸಿ, ಎಸ್‌ಸಿಕೆ, ಮೋಸಿ, ರೀಸೆಟ್, ಕಡೀಕ ಗ್ರೌಂಡ್. ಒಂದರಿಂದ ಆರು, ನಂಬರ್ ಪ್ರಕಾರ.

ಕಾರವಾರ_ವೆರ್ಣಾ, ಗುರುವಾರ ಮಧ್ಯಾಹ್ನ 2:30

ಅಲ್ಲೇ ಆಗಿದ್ದು. ಗ್ರೌಂಡ್ ಕೊನೆಗೆ ಬರಬಾರದು, ಎಲ್ಲಕ್ಕಿಂತ ಮೊದಲು ಬರಬೇಕು.

ನಿಮ್ಮ 12 ವೋಲ್ಟ್ ಅಡಾಪ್ಟರ್ ಎರಡು ಪಿನ್ನಿನದು, ಲ್ಯಾಪ್‌ಟಾಪ್ ಚಾರ್ಜರೂ ಎರಡು ಪಿನ್ನಿನದು ಇರಬಹುದು. ಇಂಥ ಸ್ವಿಚಿಂಗ್ ಸಪ್ಲೈ ಒಳಗೆ ಮೇನ್ಸ್ ಕಡೆಯಿಂದ ಔಟ್‌ಪುಟ್ ಕಡೆಗೆ ಸಣ್ಣ ವೈ ಕೆಪ್ಯಾಸಿಟರ್ ಇರ್ತದೆ. ಅರ್ತಿಂಗ್ ಇಲ್ಲದ ಕಾರಣ ಔಟ್‌ಪುಟ್ಟಿನ ಗ್ರೌಂಡ್ ಸುಮಾರು ಅರ್ಧ ಮೇನ್ಸ್, ನೂರು ವೋಲ್ಟ್ ಎಸಿ ಹತ್ತಿರ ತೇಲ್ತಾ ಇರ್ತದೆ. ಚಾರ್ಜ್ ಆಗ್ತಿರೋ ಲ್ಯಾಪ್‌ಟಾಪಿನ ಲೋಹದ ಮೈ ಸವರಿದಾಗ ಜುಂ ಅನ್ನೋದು ಇದೇ. ಕರೆಂಟ್ ತೀರಾ ಕಡಿಮೆ, ಮನುಷ್ಯನಿಗೆ ಏನೂ ಆಗೋದಿಲ್ಲ. ಆದರೆ ಗ್ರೌಂಡ್ ಸೇರುವ ಮೊದಲು ಮಿಸೋ ವೈರ್ ತಾಗಿದರೆ ಆ ಅಂತರವೆಲ್ಲ ಒಂದೇ ಪಿನ್ನಿನ ಮೂಲಕ ಸರಿಹೋಗಬೇಕು. ಐಸಿಯ ಪಿನ್ ತಡೆಯೋದು ಎಷ್ಟು ಸಲ?

ನಮ್ಮ ಲೈನಿನಲ್ಲಿ ಪೋಗೋ ಪಿನ್ ಜಿಗ್ ಇದೆ, ಅಂದ್ರೆ ಸ್ಪ್ರಿಂಗ್ ಪಿನ್ನುಗಳನ್ನು ಬೋರ್ಡಿಗೆ ಒತ್ತಿ ಹಿಡಿಯೋ ಚೌಕಟ್ಟು. ಅದರಲ್ಲಿ ಗ್ರೌಂಡಿನ ಪೋಗೋ ಬೇರೆಯವಕ್ಕಿಂತ ಒಂದೂವರೆ ಮಿಲಿಮೀಟರ್ ಉದ್ದ. ಹ್ಯಾಂಡಲ್ ಒತ್ತಿದಾಗ ಮೊದಲು ತಾಗೋದೂ ಗ್ರೌಂಡ್, ಎತ್ತಿದಾಗ ಕೊನೆಗೆ ಬಿಡೋದೂ ಗ್ರೌಂಡ್. ಪಿನ್ನೆಲ್ಲ ಕೂತ ಮೇಲೆ ಸ್ವಿಚ್ ಹಾಕಿ ವಿಸಿಸಿ, ಆಮೇಲೆ ಪ್ರೋಗ್ರಾಮರ್. ಸಪ್ಲೈಗೆ 150 ಮಿಲಿಆಂಪ್ ಮಿತಿ ಇಟ್ಟಿದ್ದೇವೆ. ಸೋಲ್ಡರ್ ಶಾರ್ಟ್ ಇರೋ ಬೋರ್ಡ್ ಬಂದರೆ ಸುಡೋದಿಲ್ಲ, ಮಿತಿಯ ಕೆಂಪು ದೀಪ ಹತ್ತಿ ನಿಲ್ತದೆ. ನೀವು 40 ಬೋರ್ಡಿಗೆ ಜಿಗ್ ಮಾಡಬೇಕಿಲ್ಲ. ಆರು ಪಿನ್ನಿನ ಒಂದೇ ಕನೆಕ್ಟರಿಗೆ ವೈರ್ ಕಟ್ಟಿ, ಅಡಾಪ್ಟರ್ ಆಫ್ ಇಟ್ಟು ಚುಚ್ಚಿ, ಆಮೇಲೆ ಆನ್ ಮಾಡಿ. ಸಾಕು.

ಕಲಬುರಗಿ_ಕೊಥ್ರೂಡ್ (ಪುಣೆ), ಗುರುವಾರ ಸಂಜೆ 6:10

ನಾನು ಡಿಪ್ಲೊಮಾ ಕೊನೇ ವರ್ಷದಾಗ ಅದೀನಿ. ಎಸ್‌ಟಿಎಂ32 ಐಸಿ ಇರೋ ನೀಲಿ ಬೋರ್ಡಿಗೆ ಎಸ್‌ಟಿ ಲಿಂಕ್ ಪ್ರೋಗ್ರಾಮರ್ ತಗೊಂಡೀನಿ, ಪೆನ್‌ಡ್ರೈವ್ ಥರದ್ದು. ಅದರ ಮ್ಯಾಲ 3.3 ಅಂತ ಎರಡು ಪಿನ್, 5 ಅಂತ ಎರಡು ಪಿನ್ ಅದಾವ. ಯಾವುದು ಹಚ್ಚಬೇಕು? ಕಾಲೇಜಿನ್ಯಾಗಿರೋ ದೊಡ್ಡ ಎಸ್‌ಟಿ ಲಿಂಕ್ ಹಚ್ಚಿದ್ರ ಬೋರ್ಡಿನ ದೀಪ ಹತ್ತೂದೇ ಇಲ್ಲ, ಅದು ಕೆಟ್ಟದೇನು?

ಉಡುಪಿ_ಡೊಂಬಿವಲಿ, ಗುರುವಾರ ರಾತ್ರಿ 8:45

ಕಾಲೇಜಿನದು ಕೆಟ್ಟಿಲ್ಲ ತಮ್ಮ. ಕಂಪನಿಯ ಎಸ್‌ಟಿ ಲಿಂಕ್ ವಿ2ರಲ್ಲಿ ಒಂದನೇ ಪಿನ್ ನೋಡುವ ಪಿನ್, ಕೊಡುವುದಲ್ಲ. ಬೋರ್ಡಿಗೆ ಬೇರೆ ಕಡೆಯಿಂದ ಕರೆಂಟ್ ಕೊಟ್ಟು ಅದರ 3.3ನ್ನು ಆ ಪಿನ್ನಿಗೆ ತೋರಿಸಬೇಕು. ಅದೇ ಕಂಪನಿಯ ನ್ಯೂಕ್ಲಿಯೋ 64 ಬೋರ್ಡಿನ ಮೇಲೆ ಇರುವ ಎಸ್‌ಟಿ ಲಿಂಕಿಂದ ಹೊರಗಿನ ಬೋರ್ಡಿಗೆ ಕೋಡ್ ಹಾಕುವಾಗಲೂ ಇದೇ ಲೆಕ್ಕ. ಅದರಲ್ಲಿ ಸಿಎನ್2ರ ಎರಡು ಜಂಪರ್ ತೆಗೆಯಲಿಕ್ಕೂ ಉಂಟು.

ನಿನ್ನ ಪೆನ್‌ಡ್ರೈವ್ ಥರದ್ದು ನಕಲು, ಅದು ಕೊಡ್ತದೆ. 3.3ನ್ನು 3.3ಕ್ಕೆ ಹಚ್ಚು, ನೀಲಿ ಬೋರ್ಡಿನ ಯುಎಸ್‌ಬಿ ಆಗ ಖಾಲಿ ಇರಲಿ. ಎರಡನ್ನೂ ಚುಚ್ಚಿದರೆ ಬೋರ್ಡಿನ ರೆಗ್ಯುಲೇಟರೂ ಡಾಂಗಲಿನ ರೆಗ್ಯುಲೇಟರೂ ಒಂದರ ಮೇಲೊಂದು ಬೀಳ್ತವೆ. 5 ವೋಲ್ಟಿನ ವೈರ್ ಕೈತಪ್ಪಿ ಕೂಡ 3.3 ಪಿನ್ನಿಗೆ ತಾಗಬಾರದು. ನೀಲಿ ಬೋರ್ಡಿನ ಐಸಿ ಎಫ್103ಕ್ಕೆ 3.6 ವೋಲ್ಟ್ ವರೆಗೆ ಮಾತ್ರ ಕೆಲಸ, 4 ದಾಟಿದರೆ ಐಸಿ ಹೋಗಬಹುದು. ಡಾಂಗಲಿನ ಪಿನ್ ಜೋಡಣೆ ಒಂದೊಂದು ತಯಾರಿಕೆಗೆ ಒಂದೊಂದು ಥರ. ಮೇಲಿನ ಹೊದಿಕೆಯ ಅಕ್ಷರ ನಂಬಬೇಡ, ಹೊದಿಕೆ ಸರಿಸಿ ಒಳಗಿನ ಬೋರ್ಡ್ ನೋಡಿಯೇ ಹಚ್ಚು.

ಯುಎಸ್‌ಬಿ ಎಎಸ್‌ಪಿ ಇರುವವರೂ ಇದನ್ನು ಓದಿ. ನಕಲು ಬೋರ್ಡುಗಳಲ್ಲಿ ಜಂಪರನ್ನು 3.3ಕ್ಕೆ ಹಾಕಿದರೆ ವಿಸಿಸಿ ಪಿನ್ ಮಾತ್ರ 3.3 ಆಗ್ತದೆ. ಪ್ರೋಗ್ರಾಮರಿನ ಸ್ವಂತ ಐಸಿ ಎಷ್ಟೋ ಸಲ 5ರಲ್ಲೇ ಓಡ್ತದೆ, ಹಾಗಾಗಿ ಮೋಸಿ, ಎಸ್‌ಸಿಕೆ ಎಲ್ಲ 5 ವೋಲ್ಟೇ. ಬೋರ್ಡಲ್ಲಿ ಎಸ್‌ಡಿ ಕಾರ್ಡ್ ಅದೇ ಲೈನಿಗೆ ಕೂತಿದ್ದರೆ ಮೊದಲು ಕಾರ್ಡ್ ತೆಗೆಯಿರಿ.

ಕಲಬುರಗಿ_ಕೊಥ್ರೂಡ್, ಗುರುವಾರ ರಾತ್ರಿ 9:20

ಹೊದಿಕೆ ಸರಿಸಿ ನೋಡಿದೆ ಅಕ್ಕ. ಹೊದಿಕೆ ಮ್ಯಾಲ ಗ್ರೌಂಡ್ ಅಂತ ಇರೋ ಜಾಗದಾಗ ಬೋರ್ಡ್ ಮ್ಯಾಲ ಎಸ್‌ಡಬ್ಲ್ಯುಡಿಐಓ ಅಂತ ಡೇಟಾ ಪಿನ್ ಅದ! ನಿನ್ನೆ ಹಚ್ಚಿದ್ರ ಏನಾಗ್ತಿತ್ತೋ.

ಇನ್ನೊಂದು ಕೇಳ್ತೀನಿ. ಆರ್‌ಟಿಸಿಗೆ (ಟೈಮ್ ಇಡೋ ಗಡಿಯಾರದ ಸರ್ಕ್ಯೂಟಿಗೆ) ಸಿಆರ್2032 ಸೆಲ್ ಹಾಕೀನಿ, ನೇರ 3.3 ಲೈನಿಗೇ. ಕೋಡ್ ಹಾಕೋವಾಗ ಇದ್ರ ನಡೀತದೇನು?

ಉಡುಪಿ_ಡೊಂಬಿವಲಿ, ಗುರುವಾರ ರಾತ್ರಿ 9:32

ಬೇಡವೇ ಬೇಡ. ಅದು ಚಾರ್ಜ್ ಮಾಡುವ ಸೆಲ್ ಅಲ್ಲ. 3 ವೋಲ್ಟಿನ ಸೆಲ್ಲಿಗೆ 3.3 ಕೊಟ್ಟರೆ ಕರೆಂಟ್ ಅದರೊಳಗೆ ಉಲ್ಟಾ ಹೋಗ್ತದೆ, ಸೋರಬಹುದು, ಒಡೆಯಲೂಬಹುದು. ಈಗ ತೆಗೆದಿಡು. ಮುಂದೆ ಸೆಲ್ಲಿಗೆ ಸಾಲಿನಲ್ಲಿ ಡಯೋಡ್ ಹಾಕು.

ವಸಾಯಿ_ಹಳಬ (ಮುಂಬಯಿ), ಗುರುವಾರ ರಾತ್ರಿ 10:50

ಎಲ್ಲರ ಮಾತನ್ನೂ ಓದಿದೆ. ಮೂವತ್ತು ವರ್ಷ ರಿಪೇರಿ ಬೆಂಚಿನ ಮುಂದೆ ಕೂತವನು ನಾನು, ಮುಂಬಯಿಯ ಲ್ಯಾಮಿಂಗ್ಟನ್ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಮೆಟ್ಟಿಲು ಸವೆಸಿದವನು. ಒಂದು ವಿಷಯ ಇಲ್ಲಿ ಇನ್ನೂ ಬಂದಿಲ್ಲ, ಅದನ್ನು ಹೇಳದೆ ಮಲಗಲು ಮನಸ್ಸು ಬರಲಿಲ್ಲ.

"ಅಡಾಪ್ಟರಿನಿಂದಲೇ ಕೊಡಿ" ಎಂಬ ಮಾತು ಟ್ರಾನ್ಸ್‌ಫಾರ್ಮರ್ ಇರುವ ಸಪ್ಲೈಗೆ ಮಾತ್ರ. ಫ್ಯಾನ್ ರೆಗ್ಯುಲೇಟರ್, ಎಲ್‌ಇಡಿ ಕಂಟ್ರೋಲರ್, ಟಚ್ ಸ್ವಿಚ್ ಬೋರ್ಡುಗಳಲ್ಲಿ ಟ್ರಾನ್ಸ್‌ಫಾರ್ಮರೇ ಇರುವುದಿಲ್ಲ. ಹಳದಿ ಡಬ್ಬಿಯಂಥ ಒಂದು 0.47 ಮೈಕ್ರೋಫ್ಯಾರಡ್ ಎಕ್ಸ್ ಕೆಪ್ಯಾಸಿಟರ್ ಮೇನ್ಸ್‌ನ ಸಾಲಿನಲ್ಲಿ ಕೂತಿರುತ್ತದೆ. 50 ಹರ್ಟ್ಜ್‌ನಲ್ಲಿ ಅದರ ತಡೆ ಸುಮಾರು 6,770 ಓಮ್, 230 ವೋಲ್ಟಿಗೆ 34 ಮಿಲಿಆಂಪ್. ಆ 34ನ್ನು ಝೀನರ್ ಹಿಡಿದು 5 ವೋಲ್ಟ್ ಮಾಡುತ್ತದೆ. ಅಗ್ಗ, ಚಿಕ್ಕದು, ಕೆಲಸವೂ ಮಾಡುತ್ತದೆ. ಆದರೆ ಆ ಬೋರ್ಡಿನ "ಗ್ರೌಂಡ್" ಗ್ರೌಂಡ್ ಅಲ್ಲ, ಅದು ಮೇನ್ಸ್ ತಂತಿ. ಪ್ಲಗ್ ಉಲ್ಟಾ ಹಾಕಿದರೆ ಅದೇ ಫೇಸ್. ಒಳಗೆ ಬ್ರಿಡ್ಜ್ (ಎಸಿಯನ್ನು ಡಿಸಿ ಮಾಡುವ ನಾಲ್ಕು ಡಯೋಡ್) ಇದ್ದರೆ ಪ್ಲಗ್ ಹೇಗೆ ಹಾಕಿದರೂ ಅರ್ಧ ಸೈಕಲ್ ಫೇಸ್ ಜೊತೆಗೇ ಇರುತ್ತದೆ.

ಇಂಥ ಬೋರ್ಡನ್ನು ಮೇನ್ಸ್‌ಗೆ ಹಾಕಿ ಪ್ರೋಗ್ರಾಮರಿನ ಗ್ರೌಂಡ್ ತಾಗಿಸಿದರೆ 230 ವೋಲ್ಟ್ ನೇರ ಲ್ಯಾಪ್‌ಟಾಪಿನ ಯುಎಸ್‌ಬಿ ಲೋಹಕ್ಕೆ ಬರುತ್ತದೆ. ಒಂದು ಕಡೆ ಹೊಸದಾಗಿ ಸೇರಿದ್ದ ಹುಡುಗ ಹೀಗೆ ಮಾಡಿದ. ಢಂ ಎಂದಿತು, ಎಂಸಿಬಿ ಬಿತ್ತು. ಪ್ರೋಗ್ರಾಮರಿನ ಗ್ರೌಂಡ್ ಟ್ರ್ಯಾಕ್ ಆವಿಯಾಗಿ ಫೈಬರ್ ಮೇಲೆ ತಾಮ್ರದ ಬಣ್ಣದ ಮಸಿ ಮಾತ್ರ ಉಳಿದಿತ್ತು. ಲ್ಯಾಪ್‌ಟಾಪ್ ಹೋಯಿತು. ಅವನ ಇನ್ನೊಂದು ಕೈ ಆ ಹೊತ್ತಿಗೆ ಮೇಜಿನ ಕೆಳಗಿತ್ತು, ಅದಕ್ಕೇ ಉಳಿದುಕೊಂಡ. ಆ ಮಸಿ ಹಿಡಿದ ಬೋರ್ಡನ್ನು ನಾನು ಇಂದಿಗೂ ಎತ್ತಿಟ್ಟಿದ್ದೇನೆ, ಹೊಸಬರಿಗೆ ಮೊದಲ ದಿನವೇ ತೋರಿಸುತ್ತೇನೆ.

ಆದ್ದರಿಂದ ಇಂಥ ಬೋರ್ಡಿಗೆ ನಿಯಮ ತಿರುಗಿ ನಿಲ್ಲುತ್ತದೆ. ಮೇನ್ಸ್ ಪೂರ್ತಿ ಕಿತ್ತು ಪ್ರೋಗ್ರಾಮರಿನಿಂದಲೇ 5 ವೋಲ್ಟ್ ಕೊಡಿ. ಪ್ಲಗ್ ಕೈಯಲ್ಲಿ ಹಿಡಿದು ನೋಡುವಂತಿರಬೇಕು, ಸ್ವಿಚ್ ಆಫ್ ಮಾಡಿದರೆ ಸಾಲದು, ಸ್ವಿಚ್ ನ್ಯೂಟ್ರಲ್ ಕಡೆಗೆ ಹಾಕಿರುವ ಮನೆಗಳು ಎಷ್ಟೋ ಇವೆ. ಎಕ್ಸ್ ಕೆಪ್ಯಾಸಿಟರಿನಲ್ಲಿ 325 ವೋಲ್ಟ್ ವರೆಗೆ ಉಳಿದಿರಬಹುದು. ಅದರ ಮೇಲೆ 1 ಮೆಗಾಓಮ್ ರೆಸಿಸ್ಟರ್ ಇದ್ದರೆ ಎರಡು ಮೂರು ಸೆಕೆಂಡಿನಲ್ಲಿ ಇಳಿಯುತ್ತದೆ, ಇದೆಯೇ ಎಂದು ಮೀಟರಿಟ್ಟು ನೋಡಿಯೇ ಕೈ ಹಾಕಿ.

ಮೇನ್ಸ್ ಇರುವಾಗಲೇ ಡೀಬಗ್ ಮಾಡಬೇಕೆಂದರೆ ಯುಎಸ್‌ಬಿ ಐಸೊಲೇಟರ್ (ಲ್ಯಾಪ್‌ಟಾಪಿಗೂ ಬೋರ್ಡಿಗೂ ನೇರ ತಂತಿ ಸಂಬಂಧ ಇಲ್ಲದಂತೆ ಮಾಡುವ ಸಾಧನ) ಬೇಕು, ಜೊತೆಗೆ 230ಕ್ಕೆ 230ರ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಕೂಡ. ಐಸೊಲೇಟರಿನೊಳಗೆ ಬರುವ ಎಡಿಯುಎಂ4160 ಐಸಿಗೆ 5,000 ವೋಲ್ಟ್ ತಡೆಯುವ ಶಕ್ತಿ ಇದೆ. ಆದರೆ ಅಗ್ಗದ ಮಾಡ್ಯೂಲಿನಲ್ಲಿ ಅದರ ಪಕ್ಕ ಕೂರಿಸುವ ಪುಟ್ಟ ಡಿಸಿ ಡಿಸಿ ಪರಿವರ್ತಕದ ತಡೆ ಸಾಮಾನ್ಯವಾಗಿ 1,000 ಅಥವಾ 1,500 ವೋಲ್ಟ್ ಅಷ್ಟೆ. ಅದೊಂದನ್ನೇ ನಂಬಿ ಜೀವ ಒತ್ತೆ ಇಡಬೇಡಿ.

ಕಾರವಾರ_ವೆರ್ಣಾ, ಗುರುವಾರ ರಾತ್ರಿ 11:15

ಕಾಕಾ, ಇದನ್ನು ಪ್ರಿಂಟ್ ತೆಗೆದು ಲೈನಿನ ಗೋಡೆಗೆ ಅಂಟಿಸ್ತೇನೆ. ನಿಮ್ಮ ಒಪ್ಪಿಗೆ ಇದೆ ಅಂದುಕೊಳ್ತೇನೆ.

ವಿಜಯಪುರ_ಭೋಸರಿ, ರವಿವಾರ ಸಂಜೆ 5:30

ಎಲ್ಲಾರಿಗೂ ವರದಿ ಕೊಡ್ಲಿಕ್ಕೆ ಬಂದೀನಿ.

ಜೆಪಿ1 ತಗದು ಡ್ರಾವರಿನ್ಯಾಗ ಇಟ್ಟೆ. ಆರು ಪಿನ್ನಿನ ಕನೆಕ್ಟರ್ ಒಂದು ಕಟ್ಟಿದೆ. ಅಡಾಪ್ಟರ್ ಬಂದ್ ಇಟ್ಟು ಚುಚ್ಚೋದು, ಆಮ್ಯಾಲ ಚಾಲೂ ಮಾಡೋದು. ಸೀರಿಯಲ್ಲಿಗೆ 4.7ಕೆ ಹಾಕಿದ ಕೂಡ್ಲೇ ಎಲ್‌ಸಿಡಿ ಮ್ಯಾಲಿನ ಕಪ್ಪು ಚೌಕ ಹ್ವಾದ್ವು. ಅಡಾಪ್ಟರ್ ಕಿತ್ತು ವಿಸಿಸಿ ಲೈನಿಗೆ ಮೀಟರ್ ಇಟ್ರ ಮೊದಲ 2.9 ವೋಲ್ಟ್ ತೋರಿಸ್ತಿತ್ತು, ಈಗ 0.4.

ರಿಲೇ ಪಿಡಿ6ಕ್ಕ ವರ್ಗ ಮಾಡೀನಿ. ಹಳೇ ಬೋರ್ಡಿನ್ಯಾಗ ಟ್ರ್ಯಾಕ್ ಕೊಯ್ದು, ತೆಳು ವೈರ್ ಹಚ್ಚಿ, ಬೇಸಿಗೆ 10ಕೆ. 40ರಾಗ 26 ಆದ್ವು, ಒಂದೂ ವೆರಿಫೈ ತಪ್ಪಿಲ್ಲ. ಬೋರ್ಡ್ ಎಳೆಯೋ ಕರೆಂಟೂ ಅಳೆದೆ: ರಿಲೇ ಬಿಟ್ಟು 38 ಮಿಲಿಆಂಪ್, ರಿಲೇ ಎತ್ತಿದ್ರ 109. 7805 ಈಗ ಬೆಚ್ಚಗ ಅದ ಅಷ್ಟ, ಬೆರಳಿಟ್ಟು ಕೂಡಬಹುದು.

ಮುಂದಿನ ಬೋರ್ಡಿನ ನಕ್ಷೆ ಹಾಕ್ಲಿಕತ್ತೀನಿ. 7805ರ ಔಟ್‌ಪುಟ್ಟಿನಿಂದ ಇನ್‌ಪುಟ್ಟಿಗೆ 4007 ಡಯೋಡ್ ಒಂದು ಹಾಕ್ತೀನಿ. ಪ್ರೋಗ್ರಾಮರಿನ ವಿಸಿಸಿ ಬರೋ ಜಾಗಕ್ಕ 5819 ಶಾಟ್ಕಿ ಡಯೋಡ್ (ಕರೆಂಟ್ ಒಂದೇ ಕಡೆ ಬಿಡೋದು) ಹಾಕಿದ್ರ ಹ್ಯಾಂಗ? ಯಾರರೇ ಮರೆತು ಜಂಪರ್ ಹಾಕಿದ್ರೂ ಲ್ಯಾಪ್‌ಟಾಪಿಗೆ ಉಲ್ಟಾ ಹೋಗಬಾರದು. ಆದ್ರ ಡಯೋಡಿನ್ಯಾಗ ಕಳಕೊಳ್ಳೋ ವೋಲ್ಟೇಜಿಗೆ ಐಸಿ ತಡೀತದೇನು?

ಉಡುಪಿ_ಡೊಂಬಿವಲಿ, ರವಿವಾರ ರಾತ್ರಿ 8:10

26ಕ್ಕೆ 26 ಅಂದರೆ ತುಂಬ ಸಂತೋಷ ಆಯ್ತು.

5819 ಹಾಕಿ, ಒಳ್ಳೆ ಯೋಚನೆ. 40 ಮಿಲಿಆಂಪಿಗೆ ಅದರಲ್ಲಿ 0.3 ವೋಲ್ಟಿನ ಒಳಗೇ ಹೋಗ್ತದೆ. ಯುಎಸ್‌ಬಿ 4.8 ಇದ್ದರೂ ಐಸಿಗೆ 4.5 ಉಳೀತದೆ. 328ಕ್ಕೆ 10 ಮೆಗಾಹರ್ಟ್ಜಿಗೆ 2.7, 20ಕ್ಕೆ 4.5 ವೋಲ್ಟ್ ಬೇಕು, ನಡುವೆ ನೇರ ಗೆರೆ. ಆ ಲೆಕ್ಕದಲ್ಲಿ 16ಕ್ಕೆ 3.8 ಸಾಕು. ಬ್ರೌನ್‌ಔಟ್ 4.3ಕ್ಕೆ ಹಾಕಿದ್ದರೆ ನಿಮ್ಮ ನಿಜವಾದ ಗಡಿ ಅದು. ತೆಳು ಉದ್ದ ಕೇಬಲ್ ಇದ್ದರೆ ಆ 0.2 ವೋಲ್ಟ್ ಅಂತರವನ್ನು ಅದೇ ನುಂಗಬಹುದು, ಒಂದು ಮೀಟರಿನ ಒಳಗಿನ ದಪ್ಪ ಕೇಬಲ್ ಇಟ್ಟುಕೊಳ್ಳಿ.

ಹೆಡರಿನ ಪಕ್ಕ ಸಿಲ್ಕ್ ಸ್ಕ್ರೀನಲ್ಲಿ (ಬೋರ್ಡಿನ ಮೇಲೆ ಅಚ್ಚಾಗುವ ಅಕ್ಷರದಲ್ಲಿ) "ವಿಸಿಸಿ" ಅಂತ ಮಾತ್ರ ಬರೆಯಬೇಡಿ. "5 ವೋಲ್ಟ್ ಒಳಬರುವ ಪಿನ್, ರಿಲೇ ಇಲ್ಲದೆ" ಅಂತ ಬರೆಯಿರಿ, ಜಾಗ ಸಾಲದಿದ್ದರೆ ಬೋರ್ಡಿನ ಹಿಂದೆ.

ವಿಜಯಪುರ_ಭೋಸರಿ, ರವಿವಾರ ರಾತ್ರಿ 8:25

ಹಿಂದ ಜಾಗ ಅದರಿ. ಬರೀತೀನಿ, ಕನ್ನಡದಾಗೇ ಬರೀತೀನಿ. ಉಳಿದ 14 ನಾಳೆ ಮಧ್ಯಾಹ್ನದೊಳಗ ಮುಗಸ್ತೀನಿ.